ಮುಯ್ಯಿ ನೂಲು

ನೂಲಿಗೂ ನಡಿಗೆ ಇರುತ್ತದೆ. ಹೆಜ್ಜೆ ಸಪ್ಪಳ ಕೇಳಿಯೇ ಬಂದವರು ಯಾರೆಂದು ಹೇಳುತ್ತೀರಲ್ಲ, ಹಾಗೆ ಒಂದು ಮಾರು ನೂಲು ನೋಡಿ ಅದನ್ನು ನೂತವರು ಯಾರೆಂದು ಹೇಳುವ ಯಂತ್ರವೊಂದು ಬಂದರೆ?

ಬಂತು. ನಮ್ಮ ಚಿಕ್ಕಮುರಡಿಯ ಖಾದಿ ಕೇಂದ್ರಕ್ಕೇ ಬಂತು. ಅದನ್ನು ನಡೆಸಿದವನು ನಾನು, ಯಮನೂರ. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು.

ಯಾಕೆ ಬಿಟ್ಟೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಈ ಕತೆಗೆ ಅದು ಬೇಕು. ಆಗಸ್ಟ್ ಹದಿನೈದು. ಫೋಟೋ ತೆಗೆಯುವವನು ಬಂದಿದ್ದ. ನನ್ನ ಕಾಲಲ್ಲಿ ಬೂಟು ಇರಲಿಲ್ಲ ಎಂದು ಹೆಡ್‌ಮಾಸ್ತರರು ನನ್ನನ್ನು ಹಿಂದಿನ ಸಾಲಿಗೆ ತಳ್ಳಿದರು. ನಾನು ಕಂಬದ ತುದಿ ತೋರಿಸಿ, “ಸರ್, ಆ ಬಾವುಟಾ ನಮ್ಮವ್ವ ನೂತ ನೂಲಿಂದು” ಅಂದೆ. ಅವರು ನಕ್ಕರು. “ನಿಮ್ಮವ್ವಂದ ಅನ್ನಾಕ ಅದಕ್ಕೇನಲೇ ಗುರುತು? ಹೆಸರು ಬರದಾಳೇನು?” ಸಾಲಿಗೆ ಸಾಲೇ ನಕ್ಕಿತು. ನಾನು ಮೈಕಿನ ಕಂಬ ಕೆಡವಿ, ಗೇಟು ಹಾರಿ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಆರು ವರ್ಷ ಮೋಟರು ಸುತ್ತುವ ಕೆಲಸ ಕಲಿತೆ, ಊರಿಗೆ ಮರಳಿ ಖಾದಿ ಕೇಂದ್ರದಲ್ಲೇ ರಿಪೇರಿ ಕೆಲಸಕ್ಕೆ ಸೇರಿದೆ. ಆದರೆ ಆ ಪ್ರಶ್ನೆ ಮಾತ್ರ ಹಲ್ಲಿನಲ್ಲಿ ಸಿಕ್ಕ ನಾರಿನಂತೆ ಉಳಿದೇ ಇತ್ತು. ಅದಕ್ಕೇನು ಗುರುತು?

ಚಂದ್ರನ ದಕ್ಷಿಣ ತುದಿಯಲ್ಲಿ ನಮ್ಮ ದೇಶದ ಠಾಣೆ ಎದ್ದು ಆಗಲೇ ನಾಲ್ಕು ವರ್ಷ ಆಗಿತ್ತು. ಆರು ಜನ ಅಲ್ಲಿ ವಾಸವಿದ್ದರು. ಅಲ್ಲಿಗೊಂದು ಬಾವುಟ ಕಳಿಸಬೇಕು, ಅದು ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಿರಬೇಕು ಎಂದು ದಿಲ್ಲಿಯಲ್ಲಿ ತೀರ್ಮಾನವಾಯಿತು. ಕೆಲಸ ನಮ್ಮ ಕೇಂದ್ರಕ್ಕೆ ಬಂತು.

ಆದರೆ ಬೆಂಗಳೂರಿನ ಬಾಹ್ಯಾಕಾಶ ಕೇಂದ್ರದವರ ಲೆಕ್ಕವೇ ಬೇರೆ. ಅಲ್ಲಿಗೆ ಒಂದು ತಿರುಪು ಮೊಳೆಯೂ ಅನಾಥವಾಗಿ ಹೋಗುವಂತಿಲ್ಲ. ಯಾರು ಮಾಡಿದರು, ಎಂದು ಮಾಡಿದರು, ಎಲ್ಲಕ್ಕೂ ದಾಖಲೆ. ಖಾದಿಯಿಂದ ಎಳೆ ಉದುರಿ ಗಾಳಿ ಸೋಸುವ ಜಾಲರಿಯಲ್ಲಿ ಸಿಕ್ಕಿಕೊಂಡರೆ ಆರು ಜನರ ಉಸಿರಿನ ಪ್ರಶ್ನೆ. ಹೀಗಾಗಿ ಪ್ರತಿ ಎಳೆಗೂ ಒಬ್ಬ ವಾರಸುದಾರಳು ಬೇಕಾಯಿತು. ಅದಕ್ಕೇ ಯಂತ್ರ.

ಅದು ಮಾಡುವುದು ಬಹಳ ಸರಳ. ಎರಡು ಸಣ್ಣ ಲೋಹದ ತಗಡುಗಳ ನಡುವೆ ನೂಲು ಹಾಯುತ್ತದೆ. ದಪ್ಪ ಇದ್ದಲ್ಲಿ ವಿದ್ಯುತ್ತು ಒಂದಿಷ್ಟು ಏರುತ್ತದೆ, ತೆಳುವಾದಲ್ಲಿ ಇಳಿಯುತ್ತದೆ. ಪರದೆಯ ಮೇಲೆ ಗೆರೆ ಅಲೆಯಾಗುತ್ತದೆ. ಗಿರಣಿಯ ನೂಲಿನ ಗೆರೆ ಸತ್ತವರ ನಾಡಿಯಂತೆ ನೆಟ್ಟಗೆ. ಕೈನೂಲಿನದು ಹಾಗಲ್ಲ. ಬಲಗೈ ಚರಕ ತಿರುಗಿಸುತ್ತದೆ, ಎಡಗೈ ಹತ್ತಿಯ ಹಂಜಿಯನ್ನು ಹಿಂದಕ್ಕೆ ಎಳೆಯುತ್ತದೆ, ತೋಳು ಚಾಚುವಷ್ಟು ಚಾಚಿ ಮರಳುವಾಗ ಒಂದು ಸಣ್ಣ ದಪ್ಪ ಬೀಳುತ್ತದೆ. ತೋಳಿನ ಉದ್ದ, ಮೈಯ ತೂಗಾಟ, ಉಸಿರು, ಎಲ್ಲವೂ ಆ ಅಲೆಯಲ್ಲಿ ಕೂತಿರುತ್ತವೆ. ಹತ್ತು ವರ್ಷವಾದರೂ ಅದು ಬದಲಾಗುವುದಿಲ್ಲ. ಮೊದಲ ದಿನ ಅವ್ವನ ನೂಲು ಹಾಯಿಸಿದಾಗ ಗೆರೆ ಏರಿ ಇಳಿದದ್ದು ಕಂಡು ನನಗೆ ಮೈ ಜುಮ್ಮೆಂದಿತು. ಗುರುತು ಇಲ್ಲಿದೆಯಲ್ಲಲೇ ಮಾಸ್ತರಾ!

ನನ್ನ ಸಂಭ್ರಮ ಎರಡು ದಿನ ಬಾಳಿತು.

ಮೂರನೆಯ ದಿನ ನೂಲುವವರ ನೋಂದಣಿ. ಒಂಬತ್ತು ಹೆಂಗಸರು. ಹೆಬ್ಬೆರಳು ಒತ್ತಿದರೆ ದೇಶದ ಗುರುತಿನ ಪಟ್ಟಿಯಿಂದ ಹೆಸರು ಎದ್ದು ಬಂದು ನೂಲಿನ ಪಕ್ಕ ಕೂರಬೇಕು. ಎಂಟು ಜನರಿಗೆ ಹಸಿರು ದೀಪ ಹತ್ತಿತು. ನಮ್ಮವ್ವ ಫಕೀರವ್ವನಿಗೆ ಕೆಂಪು. ಮೂವತ್ತೊಂದು ವರ್ಷ ಹತ್ತಿ ಉಜ್ಜಿ ಉಜ್ಜಿ ಅವಳ ಹೆಬ್ಬೆರಳು, ತೋರುಬೆರಳು ಹಳ್ಳದ ಕಲ್ಲಿನಂತೆ ನುಣ್ಣಗಾಗಿದ್ದವು. ಉಳಿದ ಬೆರಳುಗಳನ್ನು, ಮದುವೆಗೆ ಮುಂಚೆ ಬಟ್ಟೆ ಬಿಳುಪು ಮಾಡುವ ತೊಟ್ಟಿಯಲ್ಲಿ ದುಡಿದಾಗಲೇ ಸೋಡಾ ತಿಂದಿತ್ತು. ಕಣ್ಣು ತೋರಿಸಿದಳು. ಪೊರೆಯ ಆಪರೇಷನ್ ಆದ ಕಣ್ಣು, ಅದಕ್ಕೂ ಕೆಂಪೇ. ಪರದೆಯ ಮೇಲೆ ಎರಡೇ ಶಬ್ದ: ವ್ಯಕ್ತಿ ಪತ್ತೆಯಾಗಿಲ್ಲ.

“ಏ, ಇಲ್ಲೇ ಕುಂತೀನಲ್ಲ!” ಅಂದಳು ಅವ್ವ, ಯಂತ್ರಕ್ಕೆ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮ್ಯಾನೇಜರ್ ಹಂಪಣ್ಣವರ ಸರ್ ಕಡೆ ತಿರುಗಿದೆ. “ಈ ದೇಶದ ಬಾವುಟಕ್ಕ ಮೂವತ್ತೊಂದು ವರ್ಷ ನೂತಾಕಿ ಈ ದೇಶದಾಗ ಪತ್ತೆಯಾಗಿಲ್ಲ ಅಂದ್ರ ಏನ್ರೀ ಸರ್ ಅರ್ಥ?”

“ಅರ್ಥ ನನ್ನ ಕೇಳಬ್ಯಾಡ ಯಮನೂರ. ಒಂಬತ್ತು ದಿನಕ್ಕ ಪಟ್ಟಿ ಬಂದ್ ಆಗ್ತೈತಿ. ಅಷ್ಟರಾಗ ಗುರುತು ಸಿಗಲಿಲ್ಲಂದ್ರ ನಿಮ್ಮವ್ವನ ನೂಲು ತಗದಿಡಬೇಕು. ಹೋಗೂದು ಎಂಟೇ ಜನರದು.”

ಸಂಜೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಓಡಾಡುತ್ತ ಬೈಯುತ್ತಿದ್ದೆ. ಪಟ್ಟಿಯನ್ನು, ದಿಲ್ಲಿಯನ್ನು, ಬೆಂಗಳೂರನ್ನು, ಹೆಡ್‌ಮಾಸ್ತರನ್ನು.

“ನಿನಗ ಸಿಟ್ಟಽ ಬರೂದಿಲ್ಲೇನ ಅವ್ವಾ?”

“ಮನಿಗೆ ಒಬ್ಬವ ಸಿಟ್ಟಿನವ ಇದ್ರ ಸಾಕಪಾ. ಇಬ್ರೂ ಸಿಟ್ಟಾದ್ರ ಪಲ್ಲೆ ಯಾರು ಮಾಡ್ತಾರ?”

ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿದಳು. ಆ ನುಣ್ಣನೆಯ ಬೆರಳಿಗೆ ಬಿಸಿ ಕೂಡ ಹತ್ತುತ್ತಿರಲಿಲ್ಲ. ನನ್ನ ಕಡೆ ನೋಡದೆಯೇ ಅಂದಳು:

“ಒಂದಽ ಕೆಟ್ಟನಿಸ್ತು ನೋಡು. ಇಷ್ಟು ವರ್ಷ ನೂತೆ. ನನ್ನ ನೂಲು ಯಾವ ಊರಾಗ ಹಾರತೈತಿ, ಯಾವ ಕಚೇರಿ ಮ್ಯಾಲೈತಿ, ಒಂದೂ ಗೊತ್ತಿಲ್ಲ. ನೂಲು ಸುತ್ತಿದ ಲಡಿ ಕೊಡೂದು, ಬರೂದು. ಇದೊಂದರ ಗೊತ್ತಾಗ್ತಿತ್ತು. ಅಂಗಳಕ್ಕ ಬಂದು ಕತ್ತೆತ್ತಿ, ಅಕಾ ಅಲ್ಲೈತಿ ನಂದು, ಅನಬಹುದಿತ್ತು.”

ನಾನು ಓಡಾಡುವುದನ್ನು ನಿಲ್ಲಿಸಿದೆ. ಈ ಹೆಂಗಸು ಇಡೀ ಜೀವನದಲ್ಲಿ ಬೇಕು ಅಂದದ್ದು ಅದೊಂದನ್ನೇ ಇರಬೇಕು.

ನಮ್ಮ ಕೇಂದ್ರದಲ್ಲಿ ಒಂದು ಕಪಾಟಿದೆ. ಪ್ರತಿ ತಿಂಗಳು ಪ್ರತಿಯೊಬ್ಬಳ ಲಡಿಯಿಂದ ಎರಡು ಮಾರು ನೂಲು ಕತ್ತರಿಸಿ, ಲಕೋಟೆಗೆ ಹಾಕಿ, ಹೆಸರು, ತಾರೀಖು ಬರೆದು ಇಡುವುದು ಹಳೆಯ ಪದ್ಧತಿ. ತಪಾಸಣೆಗೆಂದು. ಯಾರೂ ಎಂದೂ ತೆರೆದು ನೋಡಿದ್ದಿಲ್ಲ. ನನಗೆ ಹೊಳೆಯಿತು: ಮೂವತ್ತೊಂದು ವರ್ಷದ ಅವ್ವನ ಲಕೋಟೆಗಳನ್ನು ಯಂತ್ರಕ್ಕೆ ಕೊಡುತ್ತೇನೆ. ಒಂದೇ ಕೈ, ಒಂದೇ ಅಲೆ ಎಂದು ತೋರಿಸುತ್ತೇನೆ. ಬೆರಳಿನ ಗುರುತು ಸವೆದರೇನು, ತೋಳಿನ ಗುರುತು ಇದೆ. ಅದನ್ನು ಹಿಡಿದುಕೊಂಡು ಬೆಂಗಳೂರಿನವರ ಮುಖಕ್ಕೆ ಹಿಡಿಯುತ್ತೇನೆ!

ಮರುದಿನ ಬೆಳಿಗ್ಗೆಯೇ ಕೂತೆ. ಮೊದಲ ಐದು ವರ್ಷ ಸರಿಯಾಗಿತ್ತು. ಅವ್ವನದೇ ಅಲೆ, ನಿಧಾನ, ಉದ್ದ, ಕೊನೆಯಲ್ಲಿ ಚೂರು ತೂಕಡಿಕೆ. ಆರನೆಯ ವರ್ಷದ ಲಕೋಟೆ ಹಾಕಿದೆ. ಅಲೆ ಗಿಡ್ಡ, ಅವಸರದ್ದು. ಯಂತ್ರ ಹೆಸರು ಹೇಳಿತು: ಹುಸೇನಬಿ. ಇನ್ನೊಂದು ತಿಂಗಳು, ಗಂಗವ್ವ. ಮತ್ತೆ ಹುಸೇನಬಿ. ಮತ್ತೆ ದ್ಯಾಮವ್ವ. ಹತ್ತು ತಿಂಗಳಲ್ಲಿ ಒಂದೂ ಅವ್ವನದಲ್ಲ. ಲಕೋಟೆಯ ಮೇಲೆ ಮಾತ್ರ ಹಂಪಣ್ಣವರ ಸರ್ ಅವರ ಗುಂಡು ಅಕ್ಷರದಲ್ಲಿ ‘ಫಕೀರವ್ವ’.

ಹಾಗಾದರೆ ಉಳಿದವರದು? ಸಿಟ್ಟಿನಲ್ಲಿ ಎಲ್ಲರ ಲಕೋಟೆ ಎಳೆದು ಹಾಯಿಸತೊಡಗಿದೆ. ಹುಸೇನಬಿಯ ಹೆಸರಿನಲ್ಲಿ ಅವ್ವನ ನೂಲು. ಗಂಗವ್ವನ ಹೆಸರಿನಲ್ಲಿ ಅವ್ವನದು. ಅಲ್ಲೊಂದು ತಿಂಗಳು, ಇಲ್ಲೊಂದು ಎರಡು ತಿಂಗಳು. ಒಂಬತ್ತು ಜನರಲ್ಲಿ ಒಬ್ಬಳ ದಾಖಲೆಯೂ ಸ್ವಚ್ಛವಿರಲಿಲ್ಲ.

ಎದ್ದು ನೀರು ಕುಡಿದು ಬಂದಾಗ ಪರದೆ ಪೂರ್ತಿ ಕೆಂಪಾಗಿತ್ತು. ಒಂಬತ್ತೂ ಹೆಸರುಗಳ ಮುಂದೆ ‘ಸುಳ್ಳು ದಾಖಲೆ’. ಆಗ ನೆನಪಾಯಿತು. ಈ ಯಂತ್ರ ಓದಿದ್ದೆಲ್ಲ ಅದೇ ಕ್ಷಣ ಬೆಂಗಳೂರಿಗೆ ಹೋಗುತ್ತದೆ. ತಂತಿ ಕಿತ್ತು ಓದಿಸಬೇಕಿತ್ತು. ಅವ್ವನ ಹೆಸರು ಉಳಿಸಲು ಹೋಗಿ ಎಂಟು ಜನರನ್ನೂ ಕಳ್ಳರನ್ನಾಗಿ ಮಾಡಿದ್ದೆ.

ಹೆಂಗಸರು ಜಗುಲಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೋಗಿ ಎದುರು ನಿಂತೆ. ಎಲ್ಲವನ್ನೂ ಹೇಳಿದೆ. ಯಾರೂ ಬೆಚ್ಚಲಿಲ್ಲ.

“ಅಯ್ಯ, ಅದು ಮುಯ್ಯಿ ನೂಲು” ಅಂದಳು ಹುಸೇನಬಿ ಚಿಗವ್ವ, ಉಪ್ಪಿನಕಾಯಿ ಚೀಪುತ್ತ. ಹೊಲದಲ್ಲಿ ಇವತ್ತು ನೀನು ನನ್ನ ಕಳೆ ತೆಗೆ, ನಾಳೆ ನಾನು ನಿನ್ನದು ತೆಗೆಯುತ್ತೇನೆ ಎನ್ನುವ ಮುಯ್ಯಿ ಎಲ್ಲರಿಗೂ ಗೊತ್ತು. ಇವರು ಅದನ್ನು ಚರಕಕ್ಕೂ ತಂದಿದ್ದರು. “ಮೂರು ತಿಂಗಳು ನೂಲು ಕೊಡಲಿಲ್ಲಂದ್ರ ಹೆಸರು ಹೊಡದು ಹಾಕ್ತಾರ. ಬಾಣಂತನಾ ಐದು ತಿಂಗಳು ಇರ್ತೈತಿ. ಮುರದ ಕೈ ಕೂಡಾಕ ನಾಕು ತಿಂಗಳು ಬೇಕು. ಏನ ಮಾಡಬೇಕು?”

“ಅವ್ವಂದು ಹತ್ತು ತಿಂಗಳು ಐತಲ್ಲ, ಆಕೀಗೇನಾಗಿತ್ತು?”

ಚಿಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀ ಆಗಿದ್ದಿ! ಎರಡು ವರ್ಷದ ಕೂಸು, ಮೆದುಳು ಜ್ವರ ಬಂದು ಕಟಿಗಿ ಆಗಿದ್ದಿ. ನಿಮ್ಮವ್ವ ಹತ್ತು ತಿಂಗಳು ಹುಬ್ಬಳ್ಳಿ ದವಾಖಾನ್ಯಾಗ ನಿನ್ನ ಕಾಲಾಗ ಕುಂತಿದ್ಲು. ಬದುಕಿ ಬಂದು, ಮಶೀನು ಕಲತು, ಈಗ ನಮ್ಮನ್ನ ಕಳ್ಳರು ಮಾಡಿದಿ ನೋಡು!”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ಒಬ್ಬಳೇ ನಗಲಿಲ್ಲ. ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಇಟ್ಟಳು. “ತಿನ್ನು. ಸಿಟ್ಟು ಹೊಟ್ಟಿ ಹಸದಾಗ ಜಾಸ್ತಿ ಇರ್ತೈತಿ.”

ನಾಲ್ಕು ಗಂಟೆಗೆ ಬೆಂಗಳೂರಿನಿಂದ ಕರೆ ಬಂತು. ಗೋಡೆಯ ಪರದೆಯಲ್ಲಿ ಡಾಕ್ಟರ್ ಪ್ರಫುಲ್ಲಾ ಮೇಡಂ, ಚಂದ್ರನ ಠಾಣೆಗೆ ಹೋಗುವ ಪ್ರತಿ ವಸ್ತುವಿನ ದಾಖಲೆಗೆ ಸಹಿ ಹಾಕುವವರು. ಅವರ ಹಿಂದಿನ ಕೊಠಡಿಯಲ್ಲಿ ಸಾಲು ಸಾಲು ಜನ, ಸಾಲು ಸಾಲು ಪರದೆ, ಒಂದರಲ್ಲಿ ಚಂದ್ರನ ಬೂದು ನೆಲ ಕಾಣುತ್ತಿತ್ತು. ಈ ಕಡೆ ಚಾಪೆಯ ಮೇಲೆ ಒಂಬತ್ತು ಹೆಂಗಸರು, ಒಂಬತ್ತು ಚರಕ.

“ಇದು ಸಣ್ಣ ವಿಷಯ ಅಲ್ಲಮ್ಮ” ಅಂದರು ಮೇಡಂ. “ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು ಅಂದ್ರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳಬೇಕು?”

“ಯಾರನ್ನ ಕೇಳಿದ್ರೂ ಹೇಳ್ತೀವ್ರಿ” ಅಂದಳು ಅವ್ವ. “ನಾವೇನ ಮುಚ್ಚಿಟ್ಟಿಲ್ಲ. ಯಾರೂ ಕೇಳಿದ್ದಿಲ್ಲ, ಅಷ್ಟ.”

“ಮೂವತ್ತೊಂದು ವರ್ಷದ್ದು ನೆನಪಿರುತ್ತಾ?”

“ನೆನಪು ಯಾಕ ಬೇಕ್ರಿ? ನೂಲು ಕೈಗೆ ಕೊಡ್ರಿ, ಹೇಳ್ತೀನಿ.”

ಮೇಡಂ ಹುಬ್ಬೇರಿಸಿದರು. ಆಮೇಲೆ ನನಗೆ ಹೇಳಿದರು: ಹದಿನೆಂಟು ಲಕೋಟೆ ಕಲಸಿ ಕೊಡಿ, ಹೆಸರು ಕಾಣಬಾರದು. ಅವ್ವ ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ಒಂದೊಂದೇ ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮೆಲ್ಲಗೆ ಎಳೆದಳು. “ಇದು ದ್ಯಾಮವ್ವಂದು, ಹಂಜಿ ಬಿಗಿ ಹಿಡೀತಾಳ. ಇದು ಹುಸೇನಬೀದು, ಸಂತಿಗೆ ಹೊತ್ತಾತು ಅನ್ನೂಹಂಗ ಓಡಿಸ್ತಾಳ. ಇದು ನಂದು. ಇದು ಸತ್ತ್ಹೋದ ಬಾಳವ್ವಂದು… ಅಯ್ಯ ನನ್ನವ್ವ, ಹ್ಯಾಂಗ ನೂಲ್ತಿದ್ಲು!”

ನಾನು ಪ್ರತಿಯೊಂದನ್ನೂ ಯಂತ್ರಕ್ಕೆ ಹಾಕುತ್ತ ಹೋದೆ. ಹದಿನೇಳು ತಾಳೆಯಾದವು, ಬಾಳವ್ವನದು ಅವಳ ಹಳೆಯ ಲಕೋಟೆಗಳ ಜೊತೆ. ಹದಿನೆಂಟನೆಯದಕ್ಕೆ ಯಂತ್ರ ‘ಗಂಗವ್ವ’ ಅಂದಿತು. ಅವ್ವ ತಲೆ ಅಲ್ಲಾಡಿಸಿದಳು. “ಗಂಗವ್ವಂದ ಖರೆ. ಆದ್ರ ನಡಬರಕ ಮಗಳನ್ನ ಕುಂದ್ರಿಸಿ ಚಾ ಕುಡ್ಯಾಕ ಹೋಗ್ಯಾಳ.”

“ಏ ಫಕೀರವ್ವಾ!” ಅಂತ ಗಂಗವ್ವ ಕೂಗಿದಳು. “ಅದನ್ನೂ ಹೇಳ್ತೀಯೇನ!”

ಮೇಡಂ ಅಲೆಯನ್ನು ದೊಡ್ಡದು ಮಾಡಿ ನೋಡಿದರು. ನಡುವೆ ಅಂಗೈಯಷ್ಟು ಉದ್ದ ಅಲೆ ನಿಜವಾಗಿಯೂ ಬೇರೆಯಾಗಿತ್ತು. ಯಂತ್ರ ಅದನ್ನು ಕಸ ಎಂದು ಬಿಟ್ಟುಬಿಟ್ಟಿತ್ತು.

ಆಮೇಲೆ ಕತ್ತು ತಿರುಗಿಸಿ ಹಿಂದೆ ನೋಡಿದರು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

“ನನ್ನ ಜೊತೆ ಒಬ್ಬರು ಕೆಲಸ ಮಾಡ್ತಿದ್ರು. ಅವರ ತಾಯಿ ಹಾಸಿಗೆ ಹಿಡಿದಾಗ ರಜೆ ಸಿಗಲಿಲ್ಲ. ಮೂರು ವಾರ ಅವರ ಪಾಳಿಗೆ ನಾನೇ ಕೂತೆ. ಪುಸ್ತಕದಲ್ಲಿ ಅವರ ಹೆಸರು ಬರೆದೆ. ಇದುವರೆಗೂ ಯಾರಿಗೂ ಹೇಳಿಲ್ಲ.”

“ಹಂಗಾರ ನೀವೂ ನಮ್ಮಾಕಿನಽ” ಅಂದಳು ಹುಸೇನಬಿ ಚಿಗವ್ವ. “ಬರ್ರಿ ಒಮ್ಮೆ ಚಿಕ್ಕಮುರಡಿಗೆ, ಮುಯ್ಯಿ ತೀರಸ್ತೀವಿ.”

ಮೇಡಂ ಜೋರಾಗಿ ನಕ್ಕುಬಿಟ್ಟರು. ಹಿಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಆಮೇಲೆ ನಿಯಮದ ಪುಸ್ತಕ ತೆಗೆಸಿದರು. ಅದರಲ್ಲಿ ‘ಬೆರಳು’ ಎಂದೇ ಇರಲಿಲ್ಲವಂತೆ, ‘ಬದಲಾಗದ ದೇಹದ ಗುರುತು’ ಎಂದಿತ್ತು. ಅವ್ವ ಅವರ ಕಣ್ಣೆದುರೇ ಒಂದು ಹಂಜಿ ನೂತಳು. ಆ ನೂಲನ್ನು ಹಾಯಿಸಿದೆ, ಅದರ ಪಕ್ಕ ಹಳೆಯ ಹತ್ತು ನೂಲು ಇಟ್ಟೆ. ಹನ್ನೊಂದು ಗೆರೆ ಒಂದರ ಮೇಲೊಂದು ಕೂತವು. ಹಸಿರು ದೀಪ ಹತ್ತಿತು. ‘ಸುಳ್ಳು ದಾಖಲೆ’ ಎಂದಿದ್ದ ಕಡೆಯೆಲ್ಲ ಮೇಡಂ ಎರಡೆರಡು ಹೆಸರು ಬರೆಸಿದರು, ಯಾರ ಪರವಾಗಿ ಯಾರು ಎಂದು.

ದೇಶದ ದೊಡ್ಡ ಪಟ್ಟಿಯಲ್ಲಿ ಅವ್ವ ಇನ್ನೂ ಪತ್ತೆಯಾಗಿಲ್ಲ. ರೇಷನ್ ಅಂಗಡಿಯ ಯಂತ್ರ ಇವತ್ತಿಗೂ ಕೆಂಪು ದೀಪವನ್ನೇ ಹತ್ತಿಸುತ್ತದೆ. ಅದರ ಸಿಟ್ಟು ನನಗೆ ಇದ್ದೇ ಇದೆ, ಇರಲಿ.

ಬಾವುಟದ ಯಾವ ಬಣ್ಣದ ಪಟ್ಟಿ ಯಾರ ನೂಲಿನಿಂದ ಎಂದು ಬರೆದು ಕಳಿಸಬೇಕಿತ್ತು. ಚಾಪೆಯ ಮೇಲೆ ಜಗಳವೇ ಆಯಿತು.

“ಮ್ಯಾಲಿನ ಪಟ್ಟಿ ನಂದು” ಅಂದಳು ಹುಸೇನಬಿ ಚಿಗವ್ವ. “ನಾ ಮೊದಲ ಕೇಳೀನಿ. ಫಕೀರವ್ವಾ, ಬಸ್ಸಿನಾಗ ಕಿಡಕಿ ನಿನಗಽ ಬೇಕು, ಸಿನೆಮಾಕ್ಕ ಹೋದ್ರ ನಡಬರಕ ನೀನಽ ಕುಂದ್ರಬೇಕು. ಇದೊಂದರ ಬಿಟ್ಟಕೊಡು.”

“ತಗೊಳವಾ, ನೆತ್ತಿ ಮ್ಯಾಲ ಕುಂದ್ರು” ಅಂದಳು ಅವ್ವ. “ನಾ ಕೆಳಗ ಇರ್ತೀನಿ, ನಿನ್ನ ಹೊತಗೊಂಡು.”

ಹಾಗೆಯೇ ಬರೆದೆ. ಮೇಲಿನ ಪಟ್ಟಿ ಹುಸೇನಬಿ, ಕೆಳಗಿನದು ಫಕೀರವ್ವ, ನಡುವಿನ ಬಿಳಿಯದು ಉಳಿದ ಏಳೂ ಜನ. ನೇಯ್ದು, ಬಣ್ಣ ಹಾಕಿ, ಚಕ್ರ ಅಚ್ಚೊತ್ತಿ, ಹೊಲಿದು ಕಳಿಸಿದರು. ಜನವರಿಯಲ್ಲಿ ಠಾಣೆಯ ಗಾಜಿನ ಗೂಡಿನಲ್ಲಿ ಅದನ್ನು ಚೌಕಟ್ಟಿಗೆ ಬಿಗಿದದ್ದನ್ನು ಟಿವಿಯಲ್ಲಿ ತೋರಿಸಿದರು. ಆ ಸಂಜೆ ಎಳೆ ಚಂದ್ರ ಇತ್ತು. ಅವ್ವ, ಚಿಗವ್ವ ಇಬ್ಬರೂ ಅಂಗಳದಲ್ಲಿ ನಿಂತು ಕತ್ತು ನೋಯುವವರೆಗೆ ನೋಡಿದರು.

“ಅಕಾ, ಅಲ್ಲೈತಿ” ಅಂದಳು ಅವ್ವ.

“ನಂದು ಮ್ಯಾಲೈತಿ” ಅಂದಳು ಚಿಗವ್ವ.

ಎರಡು ವರ್ಷ ಕಳೆದ ಮೇಲೆ ಬಾವುಟ ಮರಳಿ ಭೂಮಿಗೆ ಬಂತು. ಹೊಸದನ್ನು ಹಾಕಿದ್ದರು. ಹಳೆಯದನ್ನು ನಿಯಮದಂತೆ ಮಡಚಿ, ಗೌರವದಿಂದ ಬೆಂಕಿಗೆ ಒಪ್ಪಿಸಬೇಕು. ಮೇಡಂ ನನಗೆ ಫೋನು ಮಾಡಿದರು. “ಯಮನೂರ, ಒಂದು ತೊಂದರೆ ಆಗಿದೆ. ತಾಯಿಯವರನ್ನ ಕರ್ಕೊಂಡು ಬನ್ನಿ.”

ಬೆಂಗಳೂರಿನ ಕೇಂದ್ರದ ಗೇಟಿನಲ್ಲಿ ಬೆರಳಿನ ಯಂತ್ರ ಇತ್ತು. ಕೆಂಪು ದೀಪ. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಫುಲ್ಲಾ ಮೇಡಂ ತಾವೇ ಓಡಿ ಬಂದು, ಅವ್ವನ ಕೈ ಹಿಡಿದು ಒಳಗೆ ಕರೆದೊಯ್ದರು.

ಉದ್ದನೆಯ ಮೇಜು, ಸುತ್ತ ಏಳೆಂಟು ದೊಡ್ಡ ದೊಡ್ಡ ವಿಜ್ಞಾನಿಗಳು. ಮೇಜಿನ ಮೇಲೆ ಒಂದು ಬಿಳಿ ಬಟ್ಟೆ. ಗಾಳಿಯ ತಡೆಯಿಲ್ಲದ ಬಿಸಿಲು ಎರಡು ವರ್ಷದಲ್ಲಿ ಕೇಸರಿ, ಹಸಿರು, ಚಕ್ರದ ನೀಲಿ ಎಲ್ಲವನ್ನೂ ಕುಡಿದುಬಿಟ್ಟಿತ್ತು. ಚೌಕಟ್ಟಿನಿಂದ ಬಿಚ್ಚುವಾಗ ಯಾರೂ ಗುರುತು ಹಾಕಿರಲಿಲ್ಲ. ಹಗ್ಗವಿಲ್ಲ, ಬಣ್ಣವಿಲ್ಲ. ಬಾವುಟದ ಮೇಲಿನ ಅಂಚು ಯಾವುದು, ಕೆಳಗಿನದು ಯಾವುದು? ತಲೆಕೆಳಗಾಗಿ ಮಡಚಿದರೆ ಅವಮಾನ. ಯಂತ್ರಕ್ಕೆ ಕೊಡೋಣ ಎಂದರೆ ಎರಡು ಮಾರು ಎಳೆ ಬಿಚ್ಚಬೇಕು. ಬಾವುಟದ ಎಳೆ ಕೀಳಲು ಒಬ್ಬರಿಗೂ ಕೈ ಬಂದಿರಲಿಲ್ಲ.

“ಮುಟ್ಟಲೇನ್ರಿ?” ಅಂದಳು ಅವ್ವ. ಕಾಲಿನ ಚಪ್ಪಲಿ ಹೊರಗೇ ಬಿಟ್ಟಿದ್ದಳು.

ಕಣ್ಣು ಮುಚ್ಚಿ ಒಂದು ಅಂಚಿನ ಮೇಲೆ ಬೆರಳು ಆಡಿಸಿದಳು. “ಇದು ನಂದು” ಅಂದಳು. ಮೇಜಿನ ಸುತ್ತ ನಡೆದು ಆ ಕಡೆ ಹೋದಳು. ಅಲ್ಲಿ ಬೆರಳಿಟ್ಟವಳು ಹಾಗೇ ನಿಂತುಬಿಟ್ಟಳು.

ಹುಸೇನಬಿ ಚಿಗವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು.

ಅವ್ವನ ನುಣ್ಣನೆಯ ಹೆಬ್ಬೆರಳು ಆ ಬಿಳಿ ಬಟ್ಟೆಯ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಅಲ್ಲಿ ಗಿಡ್ಡ ಗಿಡ್ಡ, ಅವಸರದ ದಪ್ಪಗಳು ಇದ್ದಿರಬೇಕು, ಸಂತೆಗೆ ಹೊತ್ತಾಯಿತು ಎಂದು ಓಡುವ ಹೆಜ್ಜೆಗಳು. ನಮಗೆ ಯಾರಿಗೂ ಏನೂ ಕಾಣುತ್ತಿರಲಿಲ್ಲ.

“ಅಷ್ಟ್ ದೂರ ಹೋಗಿ ಬಂದೀಯಲ್ಲವಾ” ಅಂದಳು, ತೀರಾ ಮೆಲ್ಲಗೆ. ಅದು ನಮಗೆ ಹೇಳಿದ ಮಾತಲ್ಲ.

ಯಾರೂ ಸಾಕ್ಷಿ ಕೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವ ಆ ದೊಡ್ಡ ಜನರ ಕಡೆ ತಿರುಗಿದಳು.

“ಈ ಕಡೀದು ಮ್ಯಾಲ ಮಾಡ್ರಿ. ಇಲ್ಲಾಂದ್ರ ಜಗಳಾ ತಗೀತಾಳ ಆಕಿ.”